ಹಿಡಿಸುಡಿ ಹಿಡುದವರ ಉಸುಲು

ಮನೆ ಉಡುಗುಲೆ ಎನಗೆ ಇನ್ನು ಆರೂ ಕಲಿಶೆಕ್ಕು ಹೇಳಿ ಇಲ್ಲೆ ಹೇದು ಗ್ರೇಶಿಗೊಂಡಿತ್ತಿದ್ದೆ. ಏಳು ವರ್ಷ ಅಪ್ಪಗ ಹಿಡಿಸುಡಿ ಹಿಡುದ್ದು, ಈಗ ಐವತ್ತಾರು ಆತು. ಉದಿಯಪ್ಪಗ ಎದ್ದ ಕೂಡ್ಲೆ ಬಾಗಿಲು ತೆಗದು ಉಡುಗುದು, ಹೊತ್ತೋಪಗ ದೀಪ ಹೊತ್ತುಸುವ ಮದಲು ಇನ್ನೊಂದರಿ ಉಡುಗುದು. ಅಬ್ಬೆ ಕಲಿಶಿದ್ದು, ಅತ್ತೆ ಗಟ್ಟಿ ಮಾಡಿದ್ದು. ಆದರೆ ಟ್ರಿನಿಡಾಡ್ ಹೇಳ್ತ ದ್ವೀಪಲ್ಲಿ ಆರು ತಿಂಗಳು ಇದ್ದಪ್ಪಗ, ಉಡುಗದ್ದೆ ಇಪ್ಪದುದೆ ಒಂದು ಕೆಲಸ, ಅದನ್ನುದೆ ಕಲಿಯೆಕ್ಕು ಹೇಳಿ ಗೊಂತಾತು. ಅಷ್ಟು ಗೊಂತಪ್ಪಲೆ ಒಂದು ಇರುಳು ಆಸ್ಪತ್ರೆಲಿ ಕೂರೆಕ್ಕಾಗಿ ಬಂತು. ಆ ವಿಷಯ ಹೇಳುಲೆ ನಾಚಿಗೆ ಆವುತ್ತು, ಆದರೂ ಹೇಳ್ತೆ. ನಮ್ಮ ಹೆಮ್ಮಕ್ಕೊ ಓದೆಕ್ಕಾದ ಸಂಗತಿ ಅದು.

2024ರ ಫೆಬ್ರವರಿ ಅಕೇರಿಗೆ ಮಗಳ ಬಾಳಂತನಕ್ಕೆ ಹೇಳಿ ಹೋದ್ದು. ಅಳಿಯ° ಅಲ್ಲಿ ಕೋಲೇಜಿಲಿ ಪಾಠ ಮಾಡ್ತ°. ಟ್ರಿನಿಡಾಡ್ ಹೇಳಿರೆ ವೆಸ್ಟ್ ಇಂಡೀಸಿನ ದ್ವೀಪಂಗಳ ಸಾಲಿನ ತೆಂಕ ಕೊಡಿಲಿ ಇಪ್ಪದು. ವೆನೆಜುವೆಲಾ ದೇಶದ ಕರೆಂದ ಹತ್ತು ಹನ್ನೊಂದು ಕಿಲೋಮೀಟರು ದೂರ ಅಷ್ಟೆ. ಎಂಗಳ ಯಜಮಾನ್ರಿಂಗೆ ಅಲ್ಯಾಣ ಬ್ರಯಾನ್ ಲಾರನ ಹೆಸರು ಗೊಂತಿತ್ತು, ಎನಗೆ ಅದುದೆ ಗೊಂತಿಲ್ಲೆ. ಹೋಗಿ ನೋಡಿರೆ ಮಾವಿನ ಮರ, ತೆಂಗು, ಬಾಳೆ, ಜೀಗುಜ್ಜೆ ಎಲ್ಲ ಇದ್ದು. ವಿಮಾನಲ್ಲಿ ಅಷ್ಟು ಹೊತ್ತು ಕೂದು ಪುನಾ ನಮ್ಮ ಊರಿಂಗೇ ಬಂದು ಇಳುದ ಹಾಂಗೆ ಆತು.

ಹತ್ರಾಣ ಮನೆಲಿ ಎಂಬತ್ತು ವರ್ಷದ ಒಬ್ಬ ಅಜ್ಜಿ ಇದ್ದವು. ಅವರ ಪುಳ್ಳ್ಯಕ್ಕೊ ಅವರ "ಆಜಿ" ಹೇಳಿ ದಿನಿಗೇಳುದು. 1845ರ ಮೇ 30ಕ್ಕೆ ಫಟೆಲ್ ರಜಾಕ್ ಹೇಳ್ತ ಹಡಗಿಲಿ ಭಾರತದ ಕೂಲಿಯಾಳುಗೊ ಮದಲಾಗಿ ಆ ದ್ವೀಪಕ್ಕೆ ಎತ್ತಿದ್ದಡ, ಕಬ್ಬಿನ ತೋಟದ ಕೆಲಸಕ್ಕೆ. ಹೆಚ್ಚಿನವು ಬಿಹಾರ, ಉತ್ತರಪ್ರದೇಶದ ಹೊಡೆಯವು. ಹಾಂಗೆ ಹೋದವರ ಸಂತಾನ ಇವು. ಎನ್ನ ಭಾಷೆ ಅವಕ್ಕೆ ಗೊಂತಿಲ್ಲೆ, ಅವರ ಇಂಗ್ಲೀಷು ಎನಗೆ ಅರ್ಧ ಗೊಂತಾಗ. ಆದರೆ ಅವು ಜಾಲು ಉಡುಗುದು ನೋಡಿಯಪ್ಪಗ ಎನಗೆ ನೆಗೆ ಬಂತು. ಕೈಲಿ ಇದ್ದದು ತೆಂಗಿನ ಮಡಲಿನ ಕಡ್ಡಿ ಕಟ್ಟಿ ಮಾಡಿದ ಅದೇ ನಮ್ಮ ಕಡ್ಡಿ ಹಿಡಿಸುಡಿ! ಅಲ್ಲಿ ಅದಕ್ಕೆ ಕೊಕಿಯೇ ಬ್ರೂಮ್ ಹೇಳ್ತವು. ಎನ್ನ ಮೋರೆ ನೋಡಿ ಎನಗುದೆ ಒಂದು ಕೊಟ್ಟವು. ಮಗಳ ಮನೆಲಿ ಹಿಡಿಸುಡಿ ಇಲ್ಲದ್ದದಲ್ಲ, ಆದರೆ ಕೈಗೆ ಅಭ್ಯಾಸ ಇಪ್ಪದು ಸಿಕ್ಕಿರೆ ಅದರ ಕೊಶಿಯೇ ಬೇರೆ.

ಮಾರ್ಚಿಲಿ ಒಂದು ದಿನ ಉದಿಯಪ್ಪಗ ಎದ್ದು ನೋಡಿರೆ ಮನೆ ಎದುರಾಣ ಗುಡ್ಡೆ ಇಲ್ಲೆ. ಟ್ರಿನಿಡಾಡಿನ ಬಡಗ ಹೊಡೆಲಿ ಉದ್ದಕ್ಕೆ ಒಂದು ಗುಡ್ಡೆ ಸಾಲು ಇದ್ದು, ಎಂಗಳ ಮನೆಂದ ಚೆಂದಕೆ ಕಾಣ್ತು. ಆ ದಿನ ಅದು ಪೂರಾ ಮಾಯ. ಸೂರ್ಯ° ಹಾಲು ಕುಡುದ ಗ್ಲಾಸಿನ ಆಚಿಕೆ ಇಪ್ಪ ಹಾಂಗೆ ಬೆಳಿ ಬೆಳಿ. "ಎಂತ ಮಂಜು ಇದು, ಈ ಸೆಕೆಗೆ!" ಹೇಳಿದೆ. "ಮಂಜು ಅಲ್ಲಮ್ಮ, ಸಹಾರಾದ ಹೊಡಿ" ಹೇಳಿತ್ತು ಮಗಳು.

ಆನು ನಂಬಿದ್ದಿಲ್ಲೆ. ಮತ್ತೆ ಅಳಿಯ° ವಿವರಿಸಿ ಹೇಳಿದ°. ಆಫ್ರಿಕಾದ ಸಹಾರಾ ಮರುಭೂಮಿಲಿ ಎದ್ದ ಹೊಡಿ, ಮೂಡಂದ ಪಡುವಂಗೆ ಬೀಸುವ ಗಾಳಿಲಿ ಅಟ್ಲಾಂಟಿಕ್ ಸಮುದ್ರವ ದಾಂಟಿ, ಐದು ಸಾವಿರ ಕಿಲೋಮೀಟರಿಂದ ಹೆಚ್ಚು ದೂರ ಬಂದು, ಸುಮಾರು ಒಂದು ವಾರಲ್ಲಿ ಈ ದ್ವೀಪಂಗೊಕ್ಕೆ ಎತ್ತುತ್ತಡ. ಒಂದೆರಡು ದಿನದ ಸಂಗತಿ ಅಲ್ಲ. ಮಾರ್ಚ್ ಏಪ್ರಿಲ್ಲಿಂದ ಆಗಸ್ಟಿನ ಒರೆಗೆ ಬಿಟ್ಟು ಬಿಟ್ಟು ಬಂದುಗೊಂಡೇ ಇಪ್ಪದು. ಬಾರ್ಬಡೋಸ್ ದ್ವೀಪಲ್ಲಿ ಜೋಸೆಫ್ ಪ್ರಾಸ್ಪೆರೊ ಹೇಳ್ತ ವಿಜ್ಞಾನಿ 1965ರಲ್ಲೇ ಈ ಹೊಡಿಯ ಅಳವಲೆ ಶುರು ಮಾಡಿದ್ದವಡ. 2020ರ ಜೂನಿಲಿ ಬಂದ ಹೊಡಿ ಅಂತೂ ಕೆರಿಬಿಯನ್ ದ್ವೀಪಂಗಳ ಪೂರಾ ಮುಚ್ಚಿ ಅಮೇರಿಕದ ಒರೆಗೆ ಹೋಗಿತ್ತು. ಆಫ್ರಿಕಾದ ಪಡು ಕರೆಂದ ವರ್ಷಕ್ಕೆ 18 ಕೋಟಿ ಟನ್ನಿಂದ ಹೆಚ್ಚು ಹೊಡಿ ಸಮುದ್ರದ ಮೇಗೆ ಹಾರ್ತು ಹೇಳಿ ನಾಸಾದವು 2015ರಲ್ಲಿ ಉಪಗ್ರಹದ ಲೆಕ್ಕಂದ ಹೇಳಿದ್ದವು. ಅದರಲ್ಲಿ 2 ಕೋಟಿ 77 ಲಕ್ಷ ಟನ್ನು ಅಮೆಜಾನ್ ಕಾಡಿಂಗೆ ಬಿದ್ದು, ಅಲ್ಯಾಣ ಮರಂಗೊಕ್ಕೆ ರಂಜಕದ ಗೊಬ್ಬರ ಆವುತ್ತಡ. ಅಡಕ್ಕೆ ತೋಟಕ್ಕೆ ಗೊಬ್ಬರ ಹೊತ್ತು ಹಾಕಿದ ಎನಗೆ ಇದು ಕೇಳಿ ಆಶ್ಚರ್ಯ ಆತು. ಕಾಡಿಂಗೆ ಅದು ಗೊಬ್ಬರ, ನಮ್ಮ ಶ್ವಾಸಕೋಶಕ್ಕೆ ಅಲ್ಲ.

ಈ ಹೊಡಿ ನಮ್ಮ ಜಾಲಿನ ಮಣ್ಣಿನ ಹಾಂಗೆ ಅಲ್ಲ. ಅಷ್ಟು ದೂರ ಬಪ್ಪಗ ದೊಡ್ಡ ಕಣಂಗೊ ದಾರಿಲೇ ಬಿದ್ದು ಹೋವುತ್ತು, ಒಳುದ್ದು ಬರೀ ನೊಂಪು. ತಲೆಕೂದಲಿನ ದಪ್ಪ 70 ಮೈಕ್ರಾನಿನ ಹತ್ರ ಹತ್ರ ಆದರೆ, ಇದರ ಸುಮಾರು ಕಣಂಗೊ 10 ಮೈಕ್ರಾನಿಂದ ಕಮ್ಮಿ, ಇನ್ನು ಸುಮಾರು ಎರಡೂವರೆ ಮೈಕ್ರಾನಿಂದಲೂ ಕಮ್ಮಿ. ಎರಡೂವರೆಂದ ಕಮ್ಮಿದು ಮೂಗಿಲಿ ನಿಲ್ಲುತ್ತಿಲ್ಲೆ, ಸೀದಾ ಶ್ವಾಸಕೋಶದ ಅಡಿಯಂಗೆ ಹೋವುತ್ತು. ಇಡೀ ದಿನದ ಲೆಕ್ಕಲ್ಲಿ ಗಾಳಿಲಿ ದೊಡ್ಡ ಹೊಡಿ ಘನಮೀಟರಿಂಗೆ 45 ಮೈಕ್ರೊಗ್ರಾಂ, ಸಣ್ಣದು 15 ದಾಂಟುಲಾಗ ಹೇಳಿ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು. ಹೊಡಿ ಗಟ್ಟಿ ಬಂದ ದಿನ ಅದರ ದಾಂಟಿ ಎಷ್ಟೋ ಮೇಗೆ ಹೋವುತ್ತು.

ಇದೆಲ್ಲ ಕೇಳಿದ ಮತ್ತೆ ಆನು ಎಂತ ಮಾಡಿದೆ? ಹೆಚ್ಚು ಉಡುಗಿದೆ.

ಅಲ್ಯಾಣ ಮನೆಗೊ ಗಾಳಿ ಆಡ್ಲೆ ಹೇಳಿಯೇ ಕಟ್ಟಿದ್ದು. ಗೋಡೆಲಿ ಒಟ್ಟೆ ಒಟ್ಟೆ ಇಪ್ಪ ಕಲ್ಲು, ಕಿಟಿಕಿಗೆ ಗ್ಲಾಸಿನ ಪಟ್ಟಿಗೊ. ಮುಚ್ಚಿರೂ ಎಡೆ ಇರ್ತು. ಬೆಳಿ ಟೈಲ್ಸಿನ ಮೇಗೆ ಉದಿಯಪ್ಪಗ ಒಂದು ಕಂದು ಪರೆ, ಮಧ್ಯಾಹ್ನಕ್ಕೆ ಪುನಾ ಇನ್ನೊಂದು. ಬಾಳಂತಿ ಇಪ್ಪ ಮನೆ, ಹೊಡಿ ಕಂಡರೆ ಎನಗೆ ಕೂಪಲೆ ಎಡಿಯ. ದಿನಕ್ಕೆ ಮೂರು ಸರ್ತಿ ಆ ಕಡ್ಡಿ ಹಿಡಿಸುಡಿಲಿ ಒಣ ಒಣ ಉಡುಗಿದೆ. ನೆಲಲ್ಲಿ ಸುಮ್ಮನೆ ಮನುಗಿದ ಹೊಡಿಯ ಎಬ್ಬುಸಿ ಗಾಳಿಗೆ ಬಿಟ್ಟದು ಆನೇ. ಮಿಂಚಿದ ನೆಲ ನೋಡಿ ಕೊಶಿಪಟ್ಟೆ. ಹೊಡಿ ಎಲ್ಲಿಗೆ ಹೋತು ಹೇಳಿ ಆಲೋಚನೆ ಮಾಡಿದ್ದಿಲ್ಲೆ.

ಏಪ್ರಿಲ್ಲಿಲಿ ಪುಳ್ಳಿ ಹುಟ್ಟಿತ್ತು. ಬಾಲೆಯ ಮೀಶಿದ ಮತ್ತೆ ಸಾಂಬ್ರಾಣಿ ಹೊಗೆ ಹಾಕುದು ನಮ್ಮ ಕ್ರಮ ಅಲ್ಲದಾ? ಊರಿಂದ ತೆಕ್ಕೊಂಡು ಹೋದ ಧೂಪದ ಹೊಡಿ ಇತ್ತು. ಮಗಳು ಕಡ್ಡಾಯ ಬೇಡ ಹೇಳಿತ್ತು. "ಹೆರಂದ ಬಪ್ಪದೇ ಸಾಕು, ನೀನು ಒಳಂದ ಬೇರೆ ಮಾಡೆಡಮ್ಮ." ಎಂಗೊಗೆ ಇಬ್ರಿಂಗೂ ಎರಡು ದಿನ ಸರಿ ಮಾತಿಲ್ಲೆ. ಆನು ನಾಲ್ಕು ಬಾಳಂತನ ಮಾಡಿದೋಳು, ನಿನ್ನ ಸಾಂಕಿದ್ದು ಆ ಹೊಗೆಲೇ ಹೇಳಿ ಎನ್ನ ವಾದ. ಅಕೇರಿಗೆ ಬಾಲೆಯ ಮೋರೆ ನೋಡಿ ಸೋತೆ. ಹೊಗೆ ನಿಲ್ಸಿದೆ, ಊದುಕಡ್ಡಿಯ ನಿಲ್ಸಿದೆ. ಆದರೆ ಹೊತ್ತೋಪಗ ದೀಪ ಹೊತ್ತುಸುವಗ ಎದುರಾಣ ಬಾಗಿಲು ಮುಚ್ಚುಲೆ ಮಾಂತ್ರ ಮನಸ್ಸು ಬಯಿಂದಿಲ್ಲೆ. ಲಕ್ಷ್ಮಿ ಬಪ್ಪ ಹೊತ್ತಿಂಗೆ ಬಾಗಿಲು ಹಾಕುದು ಹೇಂಗೆ? ಎದುರಾಣ ಬಾಗಿಲು ಮೂಡಕ್ಕೆ, ಹೊಡಿ ಬಪ್ಪದುದೆ ಮೂಡಂದಲೇ.

ಇನ್ನೊಂದು ಸಂಗತಿ ಆನು ಆರತ್ರೂ ಹೇಳಿತ್ತಿದ್ದಿಲ್ಲೆ. ಸಣ್ಣಾದಿಪ್ಪಗ ಎನಗೆ ದಮ್ಮು ಇತ್ತಿದ್ದು. ಮದುವೆ ಆದ ಮತ್ತೆ ಕಾಂಬಲೇ ಸಿಕ್ಕಿದ್ದಿಲ್ಲೆ, ಹಾಂಗಾಗಿ ಮರದೇ ಹೋಗಿತ್ತು. ಮೇ ತಿಂಗಳಿಲಿ ನಾಲ್ಕು ದಿನ ಬಿಡದ್ದೆ ಹೊಡಿ ಕವುದಪ್ಪಗ ಎದೆ ಬಿಗಿವಲೆ ಶುರು ಆತು. ಮಗಳು ಕೇಳಿರೆ "ಶೀತ, ರಜ್ಜ ಸೆಮ್ಮ" ಹೇಳಿದೆ. ಬಾಳಂತನಕ್ಕೆ ಬಂದೋಳು ಆನೇ ಮನುಗಿರೆ ಹೇಂಗೆ ಹೇಳಿ ಒಂದು. ಪರದೇಶಲ್ಲಿ ಆಸ್ಪತ್ರೆಗೆ ಎಷ್ಟು ಪೈಸೆ ಆವುತ್ತೋ ಹೇಳಿ ಇನ್ನೊಂದು. ಮೂರನೇ ಇರುಳು ಮನುಗುಲೆ ಎಡಿತ್ತಿಲ್ಲೆ. ಅಡಿಗೆಮನೆ ಮೇಜಿಂಗೆ ಎರಡು ಕೈ ಊರಿ ನಿಂದುಗೊಂಡು ಉಸುಲು ಎಳಕ್ಕೊಂಡಿತ್ತಿದ್ದೆ. ನಾಲ್ಕನೇ ಇರುಳು ಮಾತಾಡ್ಲೆ ಹೋದರೆ ಒಂದು ಶಬ್ದಕ್ಕೆ ಒಂದು ಉಸುಲು ಬೇಕಾತು. ಬಾಲೆಗೆ ಹಾಲು ಕೊಡ್ಲೆ ಎದ್ದ ಮಗಳು ನೋಡಿತ್ತು.

ಒಂದು ತಿಂಗಳಿನ ಬಾಲೆಯ ಎತ್ತಿಗೊಂಡು, ಆ ಹೊಡಿಲೇ, ಇರುಳು ಎರಡು ಗಂಟೆಗೆ ಎಲ್ಲೋರೂ ಕಾರಿಲಿ ಹೋದೆಯ°. ಆನು ಎಂತರಿಂದ ಬಾಲೆಯ ಕಾವಲೆ ನೋಡಿದೆನೋ, ಅದಕ್ಕೇ ಎನ್ನಿಂದಾಗಿ ಬಾಲೆ ಹೆರ ಬಂತು. ಮೋರೆಗೆ ಮದ್ದಿನ ಆವಿ ಕಟ್ಟಿದವು, ಒಂದು ಗಂಟೆ ಅಪ್ಪಗ ಎದೆ ರಜ್ಜ ಸಡಿಲ ಆತು. ಆಮೇಲೆ ಡಾಕ್ಟ್ರು ಮಗಳತ್ರೆ ಕೇಳಿದವು, ಬಾಲೆಗೆ ಎಂತೆಲ್ಲ ಜಾಗ್ರತೆ ಮಾಡಿದ್ದಿ ಹೇಳಿ. ಕೋಣೆ ಮುಚ್ಚಿದ್ದು, ಹೊಗೆ ನಿಲ್ಸಿದ್ದು, ವಸ್ತ್ರ ಒಳ ಒಣಗುಸುದು ಎಲ್ಲ ಮಗಳು ಹೇಳಿತ್ತು. "ಮನೆ ಉಡುಗುದು ಆರು?" ಹೇಳಿ ಕೇಳಿದವು. "ಅಮ್ಮ" ಹೇಳಿತ್ತು. "ಅಮ್ಮಂಗೆ ಎಂತ ಜಾಗ್ರತೆ?" ಮಗಳತ್ರೆ ಉತ್ತರ ಇಲ್ಲೆ. ಎನ್ನತ್ರೂ ಇಲ್ಲೆ.

ಎನ್ನ ಅಭಿಪ್ರಾಯ ಇಷ್ಟೆ. ಹೊಡಿ, ಹೊಗೆ, ಬೆಶಿಲು, ಎಂತ ಬಂದರೂ ಮನೆಲಿ ಲೆಕ್ಕ ಹಾಕುವಗ ಮದಾಲು ಬಾಲೆ, ಮತ್ತೆ ಪ್ರಾಯದವು, ಮತ್ತೆ ಕೆಲಸಕ್ಕೆ ಹೋಪವು. ಅದು ತಪ್ಪಲ್ಲ. ಆದರೆ ಆ ಲೆಕ್ಕಲ್ಲಿ ಹಿಡಿಸುಡಿ ಹಿಡುದವರ ಹೆಸರೇ ಬತ್ತಿಲ್ಲೆ. ಹೊಡಿಗೆ ಎಲ್ಲೋರಿಂದ ಹತ್ರ ಮೂಗು ಕೊಂಡೋಪದು ಅವು. ಹಾಸಿಗೆ ಕುಡುಗುದು ಅವು, ಫ್ಯಾನು ಉದ್ದುದು ಅವು, ಹೆರ ಒಣಗಿದ ವಸ್ತ್ರ ಮಡುಸುದು ಅವು. ಅವರ ಹೆಸರು ಬಾರದ್ದಕ್ಕೆ ಬೇರೆಯವರ ದೂರಿ ಗುಣ ಇಲ್ಲೆ, ಹುಗ್ಗುಸಿ ಮಡುಗುದು ನಾವೇ. ಸಹಿಸಿಗೊಂಬದು ದೊಡ್ಡ ಗುಣ ಹೇಳಿ ನವಗೆ ಕಲಿಶಿದ್ದವು. ಉಸುಲಿನ ವಿಷಯಲ್ಲಿ ಅದು ಗುಣ ಅಲ್ಲ, ಮನೆಯವಕ್ಕೆ ಮಾಡುವ ಮೋಸ. ಎನ್ನ ಮೋಸಂದ ಬಾಳಂತಿಯೂ ಬಾಲೆಯೂ ಇರುಳು ಎರಡು ಗಂಟೆಗೆ ಬೀದಿಗೆ ಬಂದವು.

ಈ ಹೊಡಿಂದ ದಮ್ಮು ಹೆಚ್ಚಾವುತ್ತಾ ಹೇಳ್ತದಕ್ಕೆ ಪಂಡಿತರಲ್ಲೇ ಒಮ್ಮತ ಇಲ್ಲೆ. ಟ್ರಿನಿಡಾಡಿಲಿ ಮಾಡಿದ ಒಂದು ಅಧ್ಯಯನ 2005ರಲ್ಲಿ, ಹೊಡಿ ಬಂದಪ್ಪಗ ದಮ್ಮಿಂದ ಆಸ್ಪತ್ರೆಗೆ ಬಪ್ಪ ಮಕ್ಕೊ ಹೆಚ್ಚಾವುತ್ತವು ಹೇಳಿತ್ತು. 2008ರಲ್ಲಿ ಪ್ರಾಸ್ಪೆರೊ ಮತ್ತೆ ಅವರೊಟ್ಟಿಂಗೆ ಇದ್ದವು ಬಾರ್ಬಡೋಸಿನ ಮಕ್ಕಳ ಲೆಕ್ಕ ನೋಡಿ, ಹಾಂಗೆ ಸ್ಪಷ್ಟ ಸಂಬಂಧ ಕಾಣ್ತಿಲ್ಲೆ ಹೇಳಿದವು. ಅವು ತರ್ಕ ಮಾಡಲಿ, ಮಾಡೆಕ್ಕಾದ್ದೇ. ಆದರೆ ಮದಲೇ ದಮ್ಮು ಇದ್ದೋಳು ದಿನಕ್ಕೆ ಮೂರು ಸರ್ತಿ ಹೊಡಿ ಎಬ್ಬುಸಿ ಕುಡುದರೆ ಎಂತಕ್ಕು ಹೇಳುಲೆ ಎನಗೆ ಅಧ್ಯಯನ ಬೇಡ.

ಆ ಇರುಳು ಕಳುದ ಮತ್ತೆ ಮನೆಯ ಕ್ರಮ ಬದಲ್ಸಿದೆಯ°. ಮದಾಲು ಗುಡ್ಡೆ ನೋಡುದು. ಗುಡ್ಡೆಯ ಮರಂಗೊ ಬೇರೆ ಬೇರೆ ಕಂಡರೆ ದಿನ ಒಳ್ಳೆದು, ಗುಡ್ಡೆ ಬರೀ ನೆರಳಿನ ಹಾಂಗೆ ಕಂಡರೆ ಜಾಗ್ರತೆ, ಕಾಣದ್ದರೆ ಹೊಡಿ ದಿನ. ಅದರೊಟ್ಟಿಂಗೆ ಅಲ್ಯಾಣ ಹವಾಮಾನ ಇಲಾಖೆಯ ಸೂಚನೆ ನೋಡುದು. ನಾವು ಊರಿಲಿ ಉದಿಯಪ್ಪಗ ಪಂಚಾಂಗ ನೋಡ್ತ ಹಾಂಗೆ, ಅಳಿಯ° ಚಾಯ ಕುಡಿವಗ ಓದಿ ಹೇಳುಗು. ಹೊಡಿ ದಿನ ಮೂಡ ಹೊಡೆಯಾಣ ಕಿಟಿಕಿ, ಬಾಗಿಲು ಬಂದ್. ಗೋಡೆಯ ಒಟ್ಟೆಗೊಕ್ಕೆ ಚೆಂಡಿ ವಸ್ತ್ರ ಕಟ್ಟುದು, ಆದರೆ ಇಡೀ ಮನೆಯ ಉಸುಲು ಕಟ್ಟುವ ಹಾಂಗೆ ಮುಚ್ಚುಲಾಗ. ಹೊಡಿ ದಿನ ಮೋಡ ಕಮ್ಮಿ, ಸೆಕೆ ಜೋರು. ಬಾಲೆಗೂ ಪ್ರಾಯದವಕ್ಕೂ ಸೆಕೆಯೂ ಹೊಡಿಯಷ್ಟೇ ಕಷ್ಟ. ಹಾಂಗಾಗಿ ಗಾಳಿ ಬಾರದ್ದ ಹೊಡೆಯಾಣ ಒಂದು ಕಿಟಿಕಿ ರಜ್ಜ ತೆಗದು, ಫ್ಯಾನು ಹಾಕಿ, ನೀರು ಕುಡ್ಕೊಂಡು ಇಪ್ಪದು. ಫ್ಯಾನಿನ ರೆಕ್ಕೆಯ ಮದಲೇ ಚೆಂಡಿ ವಸ್ತ್ರಲ್ಲಿ ಉದ್ದದ್ದರೆ ಅದುವೇ ಹೊಡಿ ಎರಚುತ್ತು.

ಒಣ ಹಿಡಿಸುಡಿ ಆ ದಿನ ಮುಟ್ಳಾಗ. ನೆಲವ ಚೆಂಡಿ ವಸ್ತ್ರಲ್ಲಿ ಉದ್ದುದು, ಅದುದೆ ಒಂದೇ ಸರ್ತಿ. ಉದ್ದುವವು ಮಾಸ್ಕ್ ಹಾಕೆಕ್ಕು, ಸೀರೆ ಸೆರಗು ಮೂಗಿಂಗೆ ಹಿಡುದರೆ ಆಗ, ಇಷ್ಟು ಸಣ್ಣ ಹೊಡಿ ವಸ್ತ್ರಲ್ಲಿ ನಿಲ್ಲುತ್ತಿಲ್ಲೆ. ಎನ್95 ಹೇಳ್ತದು ಮೋರೆಗೆ ಸರೀ ಕೂದರೆ ಮಾಂತ್ರ ಪ್ರಯೋಜನ. ಬಾಲೆಗೆ ಮಾಸ್ಕ್ ಹಾಕುಲೇ ಆಗ, ಅದರ ಹೊಡಿ ಕಮ್ಮಿ ಇಪ್ಪ ಕೋಣೆಲಿ ಮಡುಗುದೇ ದಾರಿ. ದಮ್ಮು ಇಪ್ಪವು ಎಳವ ಮದ್ದಿನ ತಲೆಕೊಂಬಿನ ಅಡಿಲಿ ಮಡುಗೆಕ್ಕು, ಡಾಕ್ಟ್ರು ದಿನಾ ಎಳವಲೆ ಹೇಳಿದ ಮದ್ದಿನ "ಇಂದು ಲಾಯ್ಕಿದ್ದು" ಹೇಳಿ ಬಿಡ್ಲಾಗ. ಮಾತಾಡ್ಲೆ ಉಸುಲು ಸಾಲದ್ದರೆ, ತೊಡಿ ನೀಲಿ ಆದರೆ, ಮದ್ದು ಎಳದರೂ ಕಮ್ಮಿ ಆಗದ್ದರೆ ಉದಿ ಅಪ್ಪನ್ನಾರ ಕಾವಲಾಗ. ಆನು ಕಾದ್ದು ನೋಡಿ ನಿಂಗೊ ಕಲಿಯಿ.

ಮತ್ತೆ, ಹೊಡಿ ದಿನ ನೆಲ ಉದ್ದುದು ಅಳಿಯನ ಪಾಲಿಂಗೆ ಬಂತು. ಅತ್ತೆ ಕುರ್ಚಿಲಿ ಕೂದು ಅಳಿಯ° ನೆಲ ಉದ್ದುದು ನೋಡ್ಲೆ ಎನಗೆ ಸುಮಾರು ದಿನ ಸಂಕೋಚ ಆತು. ಎರಡು ಸರ್ತಿ ವಸ್ತ್ರ ಎಳಕ್ಕೊಂಬಲೆ ನೋಡಿದೆ. ಅವ° ಕೊಟ್ಟಿದ° ಇಲ್ಲೆ. ಮೂಲೆಗಳ ಬಿಟ್ಟು ಬಿಟ್ಟು ಉದ್ದುಗು, ಆದರೂ ಎಂತ ಆಯಿದಿಲ್ಲೆ. ಮೂಲೆಲಿ ರಜ್ಜ ಹೊಡಿ ಇದ್ದರೆ ಆರೂ ಸಾಯವು.

ಜೂನಿಂಗೆ ಮಳೆಗಾಲ ಶುರು ಆತು, ಹೊಡಿಯೂ ಎಡೆ ಎಡೆಲಿ ಬಂದೊಂಡಿತ್ತು. ಹೊಡಿಯೊಟ್ಟಿಂಗೆ ಬಪ್ಪ ಒಣಗಾಳಿ ಚಂಡಮಾರುತವ ಬೆಳವಲೆ ಬಿಡ್ತಿಲ್ಲೆಡ. ಹಾಂಗಾಗಿ ಗುಡ್ಡೆ ಶುದ್ಧ ಕಂಡಪ್ಪಗ ಉಸುಲಿಂಗೆ ಕೊಶಿ, ಆದರೆ ಆಕಾಶವ ನೋಡಿಗೊಂಡೇ ಇರೆಕ್ಕು. ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರ ಒರೆಗೆ. ಆ ವರ್ಷ ಜುಲೈ 1ಕ್ಕೆ ಬೆರಿಲ್ ಹೇಳ್ತ ಚಂಡಮಾರುತ ಬಡಗ ಹೊಡೆಲಿ ಇಪ್ಪ ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪವ ಹೊಡಿ ಮಾಡಿ ಹಾಕಿತ್ತು. ಟ್ರಿನಿಡಾಡಿಂಗೆ ಚಂಡಮಾರುತ ಕಮ್ಮಿ, ಆದರೆ 1963ರಲ್ಲಿ ಫ್ಲೋರಾ ಹತ್ರಾಣ ಟೊಬೇಗೋವ ಹಾಳು ಮಾಡಿತ್ತು, 2018ರ ಅಕ್ಟೋಬರಿಲಿ ಟ್ರಿನಿಡಾಡಿಲಿ ದೊಡ್ಡ ನೆರೆ ಬಂದಿತ್ತು. ಹಾಂಗಾಗಿ ಮಗಳು ಒಂದು ಚೀಲ ಕಟ್ಟಿ ಮಡುಗಿತ್ತು: ಕುಡಿವ ನೀರು, ಬಾಲೆಯ ವಸ್ತ್ರ, ಪಾಸ್‌ಪೋರ್ಟು ಪ್ಲಾಸ್ಟಿಕ್ಕಿಲಿ ಸುತ್ತಿ, ಟಾರ್ಚು. ಅದರ ಎಲ್ಲೋರಿಂದ ಮೇಗೆ ಎನ್ನ ಎಳವ ಮದ್ದು. ಅದು ನೋಡಿ ಎನಗೆ ಮನಸ್ಸು ತುಂಬಿತ್ತು. ಲೆಕ್ಕಲ್ಲಿ ಎನ್ನ ಹೆಸರು ಬಂತು ಹೇಳಿ. ಮಳೆ ಬಂದರೆ ಕೆಲಸ ಬೇರೆ: ನೀರಿನ ಟಾಂಕಿಯ ಮುಚ್ಚಲು ಭದ್ರ ಮಾಡುದು, ಹೂಗಿನ ಚಟ್ಟಿಲಿ, ಹಳೇ ಡಬ್ಬಿಲಿ ನೀರು ನಿಲ್ಲದ್ದ ಹಾಂಗೆ ನೋಡುದು. ಡೆಂಗ್ಯೂ ತಪ್ಪ ನುಸಿಗೆ ಅಷ್ಟು ನೀರೇ ಧಾರಾಳ.

ಹತ್ರಾಣ ಆಜಿಗೆ ಆನು ಆಸ್ಪತ್ರೆಗೆ ಹೋದ್ದು ಗೊಂತಾಗಿ ನೋಡ್ಲೆ ಬಂದವು. "ಹೊಡಿ ಪ್ರತಿ ವರ್ಷ ಬತ್ತು, ಹೋವುತ್ತು" ಹೇಳುವ ಜೆನ ಅವು. ಆದರೆ ಎನ್ನ ಕೈಂದ ಹಿಡಿಸುಡಿ ತೆಕ್ಕೊಂಡು, ಬಾಲ್ದಿಂದ ನೀರು ಚಿಮುಕಿಸಿ, ಮತ್ತೆ ಉಡುಗಿ ತೋರ್ಸಿದವು. ಮದಾಲು ನೀರು, ಮತ್ತೆ ಹಿಡಿಸುಡಿ. ಎನಗೆ ಆ ಹೊತ್ತಿಂಗೆ ಅಬ್ಬೆಯ ನೆಂಪಾತು. ಅಬ್ಬೆ ಜಾಲು ಉಡುಗುವ ಮದಲು ಸಗಣ ನೀರು ತಳಿಗು. ಅದು ಮಡಿಗೆ ಹೇಳಿ ಎನ್ನ ಲೆಕ್ಕ. ಹೊಡಿ ಏಳದ್ದ ಹಾಂಗೆ ಮಾಡುದುದೆ ಅದರಲ್ಲಿ ಇತ್ತು ಹೇಳಿ ಐವತ್ತಾರು ವರ್ಷಲ್ಲಿ, ಅಷ್ಟು ದೂರ ಹೋಗಿ, ಬೇರೆಯವರ ಜಾಲಿಲಿ ಗೊಂತಾತು. ಮನೆಗೆ ಟೈಲ್ಸು ಬಂದಪ್ಪಗ ನಾವು ನೀರು ಬಿಟ್ಟತ್ತು, ಹಿಡಿಸುಡಿ ಒಳಿಶಿಗೊಂಡತ್ತು.

ಹಾಂಗಾಗಿ ಕ್ರಮ ಬಿಡೆಕ್ಕು ಹೇಳಿ ಆನು ಹೇಳ್ತಿಲ್ಲೆ. ಕ್ರಮ ಎಂತಕ್ಕೆ ಇಪ್ಪದು ಹೇಳಿ ನೋಡಿ, ಆ ಊರಿನ ಗಾಳಿಯ ನೋಡಿ ಮಾಡೆಕ್ಕು. ದೀಪ ಹೊತ್ತುಸುವಗ ಬಾಗಿಲು ಒಂದು ನಿಮಿಷ ತೆಗದು ಹಾಕಿರೆ ಲಕ್ಷ್ಮಿ ಒಳ ಬಾರದ್ದೆ ಇರ. ಉಸುಲು ಕಟ್ಟಿದ ಮನೆಲಿ ಅದಾದರೂ ಎಲ್ಲಿ ಕೂಪದು?

ಆನು ಆಗಸ್ಟಿಲಿ ಊರಿಂಗೆ ಬಂದೆ. ಈಗ ಮಗಳು ಫೋನು ಮಾಡಿ "ಗುಡ್ಡೆ ಕಾಣ್ತಿಲ್ಲೆಮ್ಮ" ಹೇಳಿರೆ, ಬಾಲೆ ಹೇಂಗಿದ್ದು ಹೇಳಿ ಮದಾಲು ಬಾಯಿಗೆ ಬತ್ತು. ಅದರ ನುಂಗಿ ಇನ್ನೊಂದು ಕೇಳ್ತೆ: "ಇಂದು ಮನೆ ಉಡುಗಿದ್ದು ಆರು?"